ಕೇರಳದ ಟವರು ಸಿಗುವ ದಿಬ್ಬ

ದಿನಾ ಬೆಳಿಗ್ಗೆ ಹಾಲು ಕರೆದು ಮುಗಿದ ಮೇಲೆ ದೊಡ್ಡಮ್ಮ ಜಗಲಿಯ ಕಂಬಕ್ಕೆ ಫೋನು ಒರಗಿಸಿ ಕೂರುತ್ತಿದ್ದರು. ಆ ಕಡೆ ಎನ್. ಬೇಗೂರಿನಲ್ಲಿ ಅವರ ಮಗಳು ಕೂರುತ್ತಿದ್ದಳು. ಆಮೇಲೆ ಹತ್ತು ಹದಿನೈದು ನಿಮಿಷ ಜಗಲಿಯಲ್ಲಿ ಒಂದು ಶಬ್ದವೂ ಇರುತ್ತಿರಲಿಲ್ಲ. ದೊಡ್ಡಮ್ಮನ ಅಂಗೈ ಅಂಗೈಗೆ ಒಂದೆರಡು ಸಲ ತಾಗಿದ್ದು ಕೇಳಿಸಿದರೆ ಅಷ್ಟೇ. ದೂರದಿಂದ ನೋಡಿದವರಿಗೆ ಮುದುಕಿ ಗಾಳಿಯಲ್ಲಿ ಹೂ ಕಟ್ಟುತ್ತಿದ್ದಾಳೆ ಅನ್ನಿಸಬೇಕು.

ದೊಡ್ಡಮ್ಮ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಗಾವಡಗೆರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಅವರದೂ ನಮ್ಮದೂ ಒಂದೇ ಗೋಡೆಯ ಎರಡು ಮನೆ. ಅವರ ಒಬ್ಬಳೇ ಮಗಳನ್ನು ನಾನು ಅಕ್ಕ ಅನ್ನುತ್ತೇನೆ. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಊರಿನ ಶಾಲೆಯಲ್ಲಿ ಎರಡು ವರ್ಷ ಕೊನೆಯ ಸಾಲಿನಲ್ಲಿ ಕೂತು ಬಂದಳು, ಅಕ್ಷರ ಹತ್ತಲಿಲ್ಲ. ಕಿವಿ ಕೇಳದ ಮಕ್ಕಳಿಗೆ ಬೇರೆ ಶಾಲೆ ಇದೆ ಎಂದು ಯಾರೋ ಹೇಳುವ ಹೊತ್ತಿಗೆ ಅವಳಿಗೆ ಗಂಡು ನೋಡುತ್ತಿದ್ದರು. ಅಷ್ಟರೊಳಗೆ ತಾಯಿ ಮಗಳು ತಮಗೆ ಬೇಕಾದ ಮಾತನ್ನೆಲ್ಲ ತಾವೇ ಕೈಯಲ್ಲಿ ಮಾಡಿಕೊಂಡಿದ್ದರು. ಗಲ್ಲದ ಮೇಲೆ ಬೆರಳಿನಿಂದ ಒಂದು ಚುಕ್ಕೆ ಇಟ್ಟರೆ ಅಮ್ಮ, ಯಾಕೆಂದರೆ ದೊಡ್ಡಮ್ಮನ ಗಲ್ಲದಲ್ಲಿ ಹಚ್ಚೆಯಿದೆ. ಮೀಸೆ ತೀಡಿದರೆ ಅಪ್ಪ. ಎಡ ಅಂಗೈಯಲ್ಲಿ ಬಲ ಬೆರಳಿಂದ ಗೀಚಿದರೆ ನಾನು. ಚಿಕ್ಕಂದಿನಿಂದಲೂ ಮಳೆ ಬಂದಿದ್ದು, ಕರೆಂಟು ಹೋಗಿದ್ದು, ಹಸು ಎಷ್ಟು ಹಾಲು ಕೊಟ್ಟಿತು ಅನ್ನುವುದನ್ನೆಲ್ಲ ಡೈರಿಯಲ್ಲಿ ಬರೆಯುವುದು ನನ್ನ ಚಾಳಿ. ಎರಡು ಕೈಯಲ್ಲಿ ಗೆಡ್ಡೆ ಮುರಿದಂತೆ ಮಾಡಿದರೆ ಶುಂಠಿ ಬೆಳೆಯುವ ಭಾವ. ಬೆರಳ ತುದಿಯನ್ನು ಉಫ್ ಎಂದು ಊದಿದರೆ ಸಾವು.

ಈ ಮಾತು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಬಾರದು. ಮನೆಯವರಿಗೂ ಅರ್ಧಂಬರ್ಧ. ನಾನು ಕೈಯೆತ್ತಿದರೆ ಅಕ್ಕ ನಗುತ್ತಾಳೆ, ಮಲಯಾಳಿ ಕನ್ನಡ ಆಡಿದ ಹಾಗೆ ಇರುತ್ತದೋ ಏನೋ. ಆದರೆ ಅವರಿಬ್ಬರೂ ಆಡುವುದನ್ನು ನೋಡುತ್ತ ಕೂತರೆ ನನಗೆ ಮೈ ಜುಮ್ಮೆನ್ನುತ್ತದೆ. ಇಬ್ಬರು ಹೆಂಗಸರು, ಒಬ್ಬಳಿಗೂ ಓದು ಬಾರದು, ಏನೂ ಇಲ್ಲದ ಕಡೆಯಿಂದ ಒಂದು ಇಡೀ ಭಾಷೆ ತಂದಿದ್ದಾರೆ. ಅದರಲ್ಲಿ ಬೈಗುಳವೂ ಇದೆ, ಚಾಡಿಯೂ ಇದೆ, ನಾದಿನಿಯನ್ನು ಅಣಕಿಸುವುದಕ್ಕೇ ಒಂದು ಸನ್ನೆ ಇದೆ.

ವಿಡಿಯೋ ಕಾಲ್ ಬಂದ ಮೇಲೆ ಆ ಭಾಷೆಗೆ ಹುಣಸೂರು ದಾಟಿ, ಹೆಚ್.ಡಿ. ಕೋಟೆ ದಾಟಿ, ಸರಗೂರು ದಾಟಿ ಕಾಡಂಚಿನವರೆಗೆ ಹೋಗುವುದಕ್ಕೆ ದಾರಿಯಾಯಿತು. ಮದುವೆಯಾಗಿ ಹೋದ ಮಗಳು ದಿನಾ ಜಗಲಿಗೆ ಬರುವಂತಾಯಿತು.

ಇದೇ ದಾರಿಯಲ್ಲಿ ನಾವು ಅವಳಿಗೆ ಒಮ್ಮೆ ಸುಳ್ಳನ್ನೂ ಕಳಿಸಿದ್ದೆವು. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಅಕ್ಕ ಮೊದಲ ಸಲ ಬಸುರಿಯಾಗಿದ್ದಾಗ ದೊಡ್ಡಪ್ಪ ತೀರಿಕೊಂಡರು. ನಮ್ಮ ಕಡೆ ಬಸುರಿ ಹೆಂಗಸಿಗೆ ಸಾವಿನ ಸುದ್ದಿ ಮುಟ್ಟಿಸುವುದಿಲ್ಲ. ಹೆತ್ತ ಅಪ್ಪನೇ ಆದರೂ ಹೆರಿಗೆ ಆಗುವ ತನಕ ಮುಚ್ಚಿಡುತ್ತಾರೆ. ಊರ ಹಿರಿಯರು, ಎರಡೂ ಕಡೆಯ ಬೀಗರು, ಎಲ್ಲರೂ ಅದನ್ನೇ ಹೇಳಿದರು. ಆದರೆ ದಿನಾ ಬೆಳಿಗ್ಗೆ ಕರೆ ಬರುತ್ತಿತ್ತಲ್ಲ. ಕರೆ ಬರುವ ಮುಂಚೆ ದೊಡ್ಡಮ್ಮ ಒಳಗೆ ಹೋಗಿ ಹಣೆಗೆ ಕುಂಕುಮ ಇಟ್ಟುಕೊಂಡು, ನಮ್ಮಮ್ಮನ ಹಸಿರು ಬಳೆ ತೊಟ್ಟುಕೊಂಡು ಬರುತ್ತಿದ್ದರು. ಅಕ್ಕ ಮೀಸೆ ತೀಡಿ ಅಪ್ಪ ಎಲ್ಲಿ ಎಂದು ಕೇಳಿದರೆ ಹೊಲ ಉಳುವ ಸನ್ನೆ ಮಾಡಿ ನಗುತ್ತಿದ್ದರು. ಕರೆ ಮುಗಿದ ಕೂಡಲೇ ಕುಂಕುಮ ಒರೆಸಿಕೊಂಡು ಗೋಡೆಗೆ ತಲೆಯಿಟ್ಟು ಕೂರುತ್ತಿದ್ದರು. ಹೆರಿಗೆ, ಬಾಣಂತನ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಸಾವಾದ ಮನೆಗೆ ಬಾಣಂತಿಯನ್ನು ಕರೆಯಬಾರದೆಂದು ಹೆರಿಗೆ, ಬಾಣಂತನ ಎಲ್ಲ ಬೇಗೂರಿನಲ್ಲೇ ಆಯಿತು. ತವರಲ್ಲಿ ಅಮ್ಮ ಎದ್ದಿದೆ, ಮೈಮೇಲೆ ಗುಳ್ಳೆ ಎಂದು ಅಕ್ಕನಿಗೆ ನೆಪ ಹೇಳಿದ್ದಾಯಿತು.

ಕೂಸಿಗೆ ಮೂರು ತಿಂಗಳಾದ ಮೇಲೆ ದೊಡ್ಡಮ್ಮ ಬೋಳು ಹಣೆಯಲ್ಲಿ ಮಗಳ ಬಾಗಿಲಿಗೆ ಹೋಗಿ ನಿಂತರು. ಅಕ್ಕ ಅಳಲಿಲ್ಲವಂತೆ. ಭಾವನ ಕಡೆ ತಿರುಗಿ ಬೆರಳ ತುದಿ ಊದಿ ತೋರಿಸಿ, ಆಮೇಲೆ ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ಕೂತುಬಿಟ್ಟಳಂತೆ. ಕೈಯಲ್ಲಿ ಮಾತಾಡುವವಳು ಕೈ ಮುಚ್ಚಿಕೊಂಡರೆ ಏನು ಅರ್ಥ ಎಂದು ನಾನು ಹೇಳಬೇಕಾಗಿಲ್ಲ. ಮತ್ತೆ ಕೈ ಹೊರಗೆ ತೆಗೆದ ದಿನ ಅವಳು ತಾಯಿಗೆ ಒಂದೇ ಮಾತು ಹೇಳಿದಳು. ಇನ್ನು ಯಾರು ಏನು ಹೇಳಿದರೂ ನಂಬುವುದಿಲ್ಲ, ದಿನಾ ಬೆಳಿಗ್ಗೆ ನಿನ್ನ ಕೈ ನನ್ನ ಕಣ್ಣಿಗೆ ಕಾಣಬೇಕು.

ಅಲ್ಲಿಂದ ಮೂರು ವರ್ಷ ಆ ಬೆಳಗಿನ ಕರೆ ನಡೆದುಕೊಂಡು ಬಂತು. ನೆಟ್ ನಿಂತ ಸೋಮವಾರದ ತನಕ.

ಅಂದು ನಮ್ಮೂರಿನಲ್ಲಿ ಪ್ರತಿಯೊಬ್ಬರೂ ತಮ್ಮ ಫೋನು ಮಾತ್ರ ಕೆಟ್ಟಿದೆ ಎಂದುಕೊಂಡರು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಶ್ಚರ್ಯವೂ ಆಗುತ್ತದೆ. ಅಪ್ಪ ಫೋನನ್ನು ಆಫ್ ಮಾಡಿ ಆನ್ ಮಾಡಿ, ಕೊನೆಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮಾಡು ಹತ್ತಿ ಆಕಾಶಕ್ಕೆ ಹಿಡಿದರು. ರೀಚಾರ್ಜ್ ಅಂಗಡಿಯ ಮುಂದೆ ಜಾತ್ರೆ.

“ನೆನ್ನೆ ತಾನೇ ಆಕ್ಸಿದ್ದು ಕಣ್ಲಾ, ಒಂದೇ ದಿನುಕ್ಕೆ ನುಂಗ್ಬುಡ್ತಾ?” ಎಂದು ಒಬ್ಬರು ಅಂಗಡಿಯವನ ಮೇಲೆ ಏರಿ ಹೋದರು.

“ನಿನ್ ಮೊಮ್ಮಗ ಕುಣಿಯೋ ವಿಡಿಯೋ ನೋಡಿ ಕಾಲಿ ಮಾಡವ್ನೆ ಬುಡಣ್ಣೋ, ಮನೇಗೋಗಿ ಅವುನ್ನ ಕೇಳು.”

“ಸಿಮ್ ತೆಗ್ದು ಒರ್ಸುದ್ಯಾ?”

“ಒರ್ಸಿ ಒರ್ಸಿ ಅದ್ರಲ್ಲಿರೋ ನಂಬ್ರುನೇ ಅಳುಸ್ದಂಗಾಯ್ತು!”

ಅಂಗಡಿಯವನು ತನ್ನ ಫೋನನ್ನು ಮಾತ್ರ ಯಾರಿಗೂ ಕಾಣದ ಹಾಗೆ ಗಲ್ಲಾದ ಕೆಳಗೆ ಇಟ್ಟುಕೊಂಡಿದ್ದ. ಅವನದರಲ್ಲೂ ಆ ಚಕ್ರ ಸುತ್ತುತ್ತಲೇ ಇತ್ತು. ಒಬ್ಬರಂತೂ ಕೆ.ಆರ್. ನಗರಕ್ಕೆ ಹೋಗಿ ಹೊಸ ಫೋನನ್ನೇ ತಂದರು. ಅದೂ ಸುತ್ತತೊಡಗಿದಾಗ ತಲೆ ಮೇಲೆ ಕೈ ಹೊತ್ತುಕೊಂಡು, “ನನ್ ಗ್ರಾಚಾರ ಕಣಪ್ಪ, ಯಾವ್ದು ಮುಟ್ಟುದ್ರೂ ಇಂಗೇ,” ಎಂದರು. ಯಾರು ಏನು ಕಾರಣ ಕೊಟ್ಟರು ಎಂದು ಅವತ್ತಿನ ಡೈರಿಯಲ್ಲಿ ಗೆರೆ ಎಳೆದು ಗುರುತು ಹಾಕಿದ್ದೇನೆ. ಸಿಮ್ಮು, ಬ್ಯಾಟರಿ, ಮೊಮ್ಮಗ, ಮಳೆ, ಗ್ರಹಚಾರ ಎಲ್ಲಕ್ಕೂ ಗೆರೆಗಳಿವೆ. ಬೇಕೆಂದೇ ಯಾರೋ ನಿಲ್ಲಿಸಿರಬಹುದು ಅನ್ನುವುದಕ್ಕೆ ಒಂದು ಗೆರೆಯೂ ಇಲ್ಲ. ನನ್ನದೂ ಇಲ್ಲ. ನಾನು ಬ್ಯಾಟರಿ ಎಂದಿದ್ದೆ.

ಮಂಗಳವಾರ ಪೇಪರು ಬಂದಾಗ ತಿಳಿಯಿತು. ಒಂದು ಪೇಟೆಯಲ್ಲಿ ಮೆರವಣಿಗೆಯ ವಿಚಾರಕ್ಕೆ ಗಲಾಟೆಯಾಗಿ ಕಲ್ಲು ಬಿದ್ದವಂತೆ. ಸುಳ್ಳು ಸುದ್ದಿ ಹಬ್ಬಬಾರದೆಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಸರಗೂರು ಎಲ್ಲ ಕಡೆಯೂ ಮೊಬೈಲ್ ಇಂಟರ್ನೆಟ್ ಸ್ಥಗಿತ, ಮುಂದಿನ ಆದೇಶದವರೆಗೆ. ಕೆಳಗೆ ಇನ್ನೊಂದು ಸಾಲು: ಧ್ವನಿ ಕರೆಗಳಿಗೆ ಯಾವುದೇ ಅಡಚಣೆ ಇರುವುದಿಲ್ಲ.

ಆ ಸುದ್ದಿಯನ್ನು ಕತ್ತರಿಸಿ ಡೈರಿಗೆ ಅಂಟಿಸಿದೆ. ಅಂಟಿಸುವಾಗ ನನಗೆ ಕೋಪ ಬಂದಿರಲಿಲ್ಲ, ಬೆರಗಾಗಿತ್ತು. ಎಲ್ಲೋ ಒಂದು ಕೊಠಡಿಯಲ್ಲಿ ಯಾರೋ ಒಬ್ಬರು ಒಂದು ಸಹಿ ಹಾಕಿದ್ದಾರೆ. ಕಾವೇರಿ ದಂಡೆಯ ಗದ್ದೆಯಿಂದ ಕಬಿನಿ ಆಚೆಯ ಕಾಡಿನವರೆಗೆ ಲಕ್ಷಾಂತರ ಜನ ಒಂದೇ ಹೊತ್ತಿಗೆ ತಮ್ಮ ತಮ್ಮ ಸಿಮ್ಮನ್ನು ಪಂಚೆಯಲ್ಲಿ ಒರೆಸಿಕೊಂಡಿದ್ದಾರೆ. ಮಳೆಯನ್ನೂ ಹಾಗೆ ನಿಲ್ಲಿಸುವುದಕ್ಕೆ ಆಗುವುದಿಲ್ಲ.

ಟೀ ಅಂಗಡಿಯಲ್ಲಿ ಮಾತು ಎರಡು ಪಾಲಾಯಿತು.

“ಒಳ್ಳೇದೇ ಆಯ್ತು ಬುಡಿ. ಇಲ್ದಿದ್ರೆ ಇಷ್ಟೊತ್ಗೆ ಇಲ್ಲೂ ಒಡ್ದಾಡ್ಕತಿದ್ರು. ನಮ್ಮಪ್ಪನ್ ಕಾಲ್ದಲ್ಲಿ ನೆಟ್ ಇತ್ತಾ? ಬದುಕ್ನಿಲ್ವಾ?”

“ನಿಮ್ಮಪ್ಪನ್ ಕಾಲ್ದಲ್ಲಿ ರೇಷನ್ ಅಕ್ಕಿಗೆ ಹೆಬ್ಬೆಟ್ಟು ಒತ್ತೋ ಮಿಷಿನ್ ಇತ್ತಾ? ಈಗ ಅಕ್ಕಿ ಕೊಡು ನೋಡವ.”

“ಕಲ್ಲು ಒಡ್ದೋನು ಒಬ್ಬ, ಬಾಯಿ ಕಟ್ಟುದ್ದು ಊರ್ಗೆಲ್ಲ.”

“ಬಾಯೆಲ್ಲಿ ಕಟ್ಟವ್ರಲಾ? ಕಾಲ್ ಓಯ್ತದಲ್ಲ! ಮಾತಾಡು ಓಗು.”

ನಾನು ಹಾಲಿನ ಕ್ಯಾನು ಹಿಡಿದು ನಿಂತಿದ್ದವಳು ಆ ಕೊನೆಯ ಮಾತು ಕೇಳಿ ಮನೆಗೆ ಬಂದೆ. ಜಗಲಿಯಲ್ಲಿ ದೊಡ್ಡಮ್ಮ ಕಂಬಕ್ಕೆ ಒರಗಿಸಿದ ಫೋನಿನ ಮುಂದೆ ಹಾಗೇ ಕೂತಿದ್ದರು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. “ಅಂಗಾರೆ ಅವ್ಳ್ಗೂ ಗೊತ್ತಾಯ್ತದೆ ಬುಡು, ಅವ್ಳ್ ಫೋನೂ ನಿಂತಿರ್ತದಲ್ಲ,” ಎಂದು ಸಮಾಧಾನ ಮಾಡಿಕೊಂಡರು. ನಾನೂ ಹಾಗೇ ಅಂದುಕೊಂಡೆ.

ಬುಧವಾರ ಬೆಳಿಗ್ಗೆ ಭಾವನ ಕರೆ ಬಂತು. ಬರೀ ಧ್ವನಿ ಕರೆ.

“ನಿಮ್ಮಕ್ಕ ಊಟ ಬುಟ್ಟವ್ಳೆ ಕಣವ್ವ. ಎರಡ್ ದಿನ ಆಯ್ತು. ಅತ್ತೆ ಓಗ್ಬುಟ್ರು, ನೀವೆಲ್ಲ ಸೇರಿ ಮುಚ್ಚಿಡ್ತಿದ್ದೀರ ಅಂತಾಳೆ.”

ಅಕ್ಕನಿಗೆ ಆಗ ಎರಡನೆಯದು, ಎಂಟನೇ ತಿಂಗಳು. ಎಂಟರಲ್ಲಿ ಕರೆತರಬಾರದು, ಒಂಬತ್ತಕ್ಕೆ ಬಿದ್ದ ಮೇಲೆ ತವರಿಗೆ ಕರೆದುಕೊಂಡು ಬರೋಣ ಎಂದು ದೊಡ್ಡಮ್ಮ ಕಾಯುತ್ತಿದ್ದರು.

“ಭಾವ, ನೆಟ್ ನಿಲ್ಸವ್ರೆ ಅಂತ ಏಳ್ಲಿಲ್ವಾ ನೀವು?”

“ಏಳ್ದೆ. ನಿಂತಿಲ್ವಲ್ಲ ಅಂತ ಅವ್ಳ್ ಫೋನೇ ತೋರುಸ್ತಾಳೆ!”

ಆಗ ಭಾವ ಹೇಳಿದ್ದು ಇದು. ಬೇಗೂರಿನ ಆಚೆ, ಗಿರಿಜನರ ಹಾಡಿಯ ಪಕ್ಕದಲ್ಲಿ ಒಂದು ದಿಬ್ಬ ಇದೆ. ಅದರ ಮೇಲೆ ನಿಂತರೆ ಕಾಡು ದಾಟಿ ಕೇರಳದ ಟವರು ಸಿಗುತ್ತದೆ. ಬೇರೆ ದಿನಗಳಲ್ಲಿ, ಫೋನು ತಾನಾಗಿ ಆ ಕಡೆಗೆ ಹೋಗಿ ಮಲಯಾಳದಲ್ಲಿ ಹೆಂಗಸು ಮಾತಾಡುತ್ತಾಳೆಂದು ಅಲ್ಲಿಯವರು ಬೈದುಕೊಳ್ಳುತ್ತಿದ್ದರು. ನಮ್ಮ ಕಡೆಯ ಆದೇಶ ಕಾಡಿನ ಈಚೆಗೇ ನಿಂತಿತ್ತು, ಆಚೆಯ ಟವರಿಗೆ ಅದು ಗೊತ್ತೇ ಇರಲಿಲ್ಲ. ಸೋಮವಾರದಿಂದ ಸುತ್ತಲಿನ ಊರಿನವರೆಲ್ಲ ಆ ದಿಬ್ಬ ಹತ್ತುತ್ತಿದ್ದರು. ಅಕ್ಕನೂ ಹತ್ತಿದ್ದಳು. ಅಲ್ಲಿ ಅವಳ ಫೋನಿನಲ್ಲಿ ವಿಡಿಯೋ ಓಡುತ್ತಿದೆ, ಪಕ್ಕದವರು ಬೆಂಗಳೂರಿನ ಮಗನ ಜೊತೆ ಮುಖ ನೋಡಿಕೊಂಡು ಮಾತಾಡುತ್ತಿದ್ದಾರೆ, ತಾಯಿ ಮಾತ್ರ ಎತ್ತುತ್ತಿಲ್ಲ. ಗಂಡ ಬಂದು ನೆಟ್ ಇಲ್ಲ ಅನ್ನುತ್ತಾನೆ. ಹಿಂದೆ ಒಂದು ಸಲ ತಾಯಿಯ ಜೊತೆ ಸೇರಿ ಅಪ್ಪ ಹೊಲದಲ್ಲಿದ್ದಾನೆ ಎಂದವನೂ ಇವನೇ.

ಅವಳ ಲೆಕ್ಕದಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ. ಅವಳ ಜಾಗದಲ್ಲಿ ಯಾರಿದ್ದರೂ ಬೆರಳ ತುದಿಯನ್ನೇ ಊದುತ್ತಿದ್ದರು.

ಭಾವ ಇನ್ನೊಂದು ಉಪಾಯ ಮಾಡಿದರು. ಫೋನನ್ನು ಮಗುವಿನ ಕಿವಿಗಿಟ್ಟರು. ದೊಡ್ಡಮ್ಮ ಈ ಕಡೆಯಿಂದ, “ಮಗಾ, ಅಜ್ಜಿ ಕಣವ್ವ, ಅಜ್ಜಿ ಚೆಂದಾಗವ್ಳೆ ಅಂತ ನಿಮ್ಮವ್ವಂಗೆ ಏಳು,” ಎಂದು ಕೂಗಿದರು. ಮೂರು ವರ್ಷದ ಆ ಮಗುವಿಗೆ ಬಾಯಿಮಾತೂ ಕೈಮಾತೂ ಎರಡೂ ಒಟ್ಟಿಗೇ ಬಂದಿವೆ. ಅದು ಗಲ್ಲಕ್ಕೆ ಚುಕ್ಕೆ ಇಟ್ಟು, ಅಮ್ಮನ ಅಮ್ಮ ಫೋನಿನೊಳಗೆ ಇದ್ದಾಳೆ ಎಂದು ತೋರಿಸಿತಂತೆ. ಅಕ್ಕ ಫೋನು ಕಿತ್ತುಕೊಂಡು ನೋಡಿದಳು, ಕಪ್ಪು ಪರದೆಯ ಮೇಲೆ ಒಂದು ನಂಬರು. ಮಗುವಿಗೂ ಸುಳ್ಳು ಕಲಿಸಿದಿರಾ ಎಂದು ಭಾವನ ಎದೆಗೆ ಗುದ್ದಿದಳಂತೆ.

“ನಾನೇ ಓಗಿ ಬತ್ತೀನಿ ದೊಡ್ಡಮ್ಮ,” ಎಂದೆ. “ನೀನ್ ಮಾತಾಡು, ವಿಡಿಯೋ ಮಾಡ್ಕೊಂಡು ಓಗಿ ತೋರುಸ್ತೀನಿ.”

“ಅಳೇದು ಅಂತಾಳೆ ಕಣವ್ವ.” ದೊಡ್ಡಮ್ಮ ಆಗಲೇ ಎದ್ದಿದ್ದರು. “ಕುಂಕುಮ ಮಡಿಕಂಡು ಕುಂತಿದ್ದೋಳು ನಾನು. ಅವ್ಳು ನನ್ ಮುಖಾನೂ ನಂಬಾಂಗಿಲ್ಲ, ನನ್ ಮೈ ಮುಟ್ಬೇಕು.”

ಬ್ಯಾರನ್ನಿಗೆ ಬೆಂಕಿ ಹಾಕಿ ಎರಡು ದಿನವಾಗಿತ್ತು. ಒಳಗೆ ಅವರ ಇಡೀ ಹೊಲದ ಸೊಪ್ಪು ನೇತಾಡುತ್ತಿತ್ತು. ಆ ಹೊತ್ತಿನಲ್ಲಿ ಕಾವು ಏರುಪೇರಾದರೆ ಎಲೆ ಕಪ್ಪಾಗುತ್ತದೆ, ಕಾಯುವವರು ಕಣ್ಣು ಮಿಟುಕಿಸುವ ಹಾಗಿಲ್ಲ. ಎಷ್ಟು ವರ್ಷದಿಂದಲೋ ದೊಡ್ಡಮ್ಮ ಆ ಬೆಂಕಿಯನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಅಪ್ಪನನ್ನು ಕರೆದು, “ಸೌದೆ ಸಣ್ಣುಕ್ಕೆ ಆಕು. ಜಾಸ್ತಿ ಉರಿ ಮಾಡ್ಬ್ಯಾಡ, ನಿಂಗೆ ಆತ್ರ ಜಾಸ್ತಿ,” ಎಂದಷ್ಟೇ ಹೇಳಿ ಚೀಲಕ್ಕೆ ಕೊಬ್ಬರಿ, ಹುರಿಗಡಲೆ, ಒಂದು ಸೀರೆ ತುಂಬಿಕೊಂಡರು.

“ಓಗು ಅತ್ಗಮ್ಮ, ನಾನ್ ನೋಡ್ಕತೀನಿ,” ಎಂದು ಅಪ್ಪ ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಬಸ್ಸುಗಳು ನಿಂತಿದ್ದವು. ನನ್ನ ಸ್ಕೂಟರಿನಲ್ಲೇ ಹೊರಟೆವು. ತುಂತುರು ಹನಿಯುತ್ತಿತ್ತು. ಹುಣಸೂರಿನ ಹೊರಗಿನ ಕೂಡುರಸ್ತೆಯಲ್ಲಿ ಬ್ಯಾರಿಕೇಡ್ ಹಾಕಿದ್ದರು. ರೇನ್‌ಕೋಟ್ ತೊಟ್ಟ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

“ಎಲ್ಗಮ್ಮ ಸವಾರಿ? ಸೆಕ್ಷನ್ ಆಕವ್ರೆ ಅಂತ ಗೊತ್ತಿಲ್ವಾ?”

“ಎನ್. ಬೇಗೂರಿಗೆ ಸಾರ್. ನಮ್ಮಕ್ಕ ಬಸುರಿ, ಇವ್ರನ್ನ ನೋಡ್ಬೇಕು ಅಂತ ಊಟ ಬುಟ್ಟವ್ಳೆ.”

“ಫೋನ್ ಮಾಡಿ ಮಾತಾಡ್ಸಿ. ಕಾಲೇನ್ ನಿಲ್ಸಿಲ್ವಲ್ಲ ನಾವು.”

ಹಿಂದಿನಿಂದ ದೊಡ್ಡಮ್ಮ ಹೇಳಿದರು: “ನನ್ ಮಗ್ಳಿಗೆ ಕಿವಿ ಕೇಳಕಿಲ್ಲ ಸ್ವಾಮಿ.”

“ಅಂಗಾರೆ ಮೆಸೇಜ್ ಆಕಿ.”

“ಓದಾಕ್ ಬರಕಿಲ್ಲ. ನಂಗೂ ಬರಕಿಲ್ಲ. ನಾವು ಕೈಯಾಗೆ ಮಾತಾಡೋದು, ಆ ವಿಡಿಯೋದಲ್ಲಿ.”

ಅವರು ದೊಡ್ಡಮ್ಮನ ಕೈಯನ್ನು ನೋಡಿದರು. ಸೊಪ್ಪಿನ ಅಂಟು ಕೂತು ಕಪ್ಪಾದ ಬೆರಳುಗಳು ಚೀಲ ಹಿಡಿದಿದ್ದವು. “ಇಂಗೂ ಇರ್ತಾರೆ ಅಂತ ಯಾರ್ ಅಂದ್ಕತಾರೆ ಕಣವ್ವ,” ಎಂದು ತಮಗೇ ಎಂಬಂತೆ ಹೇಳಿ ಬ್ಯಾರಿಕೇಡನ್ನು ಸರಿಸಿದರು. “ಪೇಟೆ ಒಳಿಕ್ ಓಗ್ಬ್ಯಾಡಿ, ಇಂಗೇ ಸುತ್ತಾಕ್ಕೊಂಡು ಕೋಟೆ ರೋಡಿಗೆ ಓಗಿ. ಅಜ್ಜೀಗೆ ಗಟ್ಯಾಗ್ ಇಡ್ಕಳಕೇಳವ್ವ, ರಸ್ತೆ ಸರ್ಯಾಗಿಲ್ಲ.”

ದಾರಿಯುದ್ದಕ್ಕೂ ನಾನು ಆ ನಿಂತುಹೋದ ನೆಟ್ಟನ್ನೇ ಕಣ್ಣಲ್ಲಿ ನೋಡುತ್ತ ಹೋದೆ ಅನ್ನಬೇಕು. ನ್ಯಾಯಬೆಲೆ ಅಂಗಡಿಯ ಮುಂದೆ ಖಾಲಿ ಚೀಲ ಮಡಿಸಿಕೊಂಡು ಕೂತ ಹೆಂಗಸರು. ಬ್ಯಾಂಕಿನ ಮೆಟ್ಟಿಲ ಮೇಲೆ ಸಾಲು. ಪೆಟ್ರೋಲ್ ಬಂಕಿನಲ್ಲಿ ಸ್ಕ್ಯಾನ್ ಮಾಡುವ ಹಲಗೆಗೆ ಗೋಣಿ ಮುಚ್ಚಿದ್ದರು, ಸತ್ತವರ ಮುಖಕ್ಕೆ ಮುಚ್ಚಿದ ಹಾಗೆ. ಇಷ್ಟೆಲ್ಲ ಕೆಲಸ ಆ ಕಾಣದ ಒಂದು ಎಳೆಯ ಮೇಲೆ ನೇತಾಡುತ್ತಿತ್ತು ಎಂದು ನನಗೆ ಅದು ಇರುವಾಗ ತಿಳಿದಿರಲೇ ಇಲ್ಲ.

ಸರಗೂರಿನಲ್ಲಿ ಟೀ ಕುಡಿದೆವು. ದೊಡ್ಡಮ್ಮ ಬನ್ನು ಮುರಿದು ಬಾಯಿಗಿಡಲು ಹೋಗಿ, ಹಾಗೇ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. “ಅವ್ಳು ಉಣ್ಣದೆ ನನ್ಗೆ ಇಳ್ಯಕಿಲ್ಲ,” ಎಂದರು. ಅಲ್ಲಿಂದ ಮುಂದೆ ಎಡಬಲ ಶುಂಠಿ ಹೊಲ, ಅದರಾಚೆ ಆನೆ ಬಾರದಂತೆ ತೋಡಿದ ಕಂದಕ, ಅದರಾಚೆ ಕಾಡು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೇಗೂರು ಮುಟ್ಟಿದೆವು.

ಭಾವ ಬಾಗಿಲಲ್ಲೇ ಕಾಯುತ್ತಿದ್ದರು. ಗಡ್ಡ ಬೆಳೆದಿತ್ತು.

“ಮನೇಲಿಲ್ಲ. ದಿಬ್ಬುದ್ ಮೇಲವ್ಳೆ. ಬೆಳಿಗ್ಗೆ ಓದೋಳು, ಕರುದ್ರೂ ಇಳೀತಿಲ್ಲ. ಮಗಾನೂ ಕರ್ಕೊಂಡೋಗವ್ಳೆ.”

“ಎಂಟನೇ ತಿಂಗ್ಳಲ್ಲಿ ದಿಬ್ಬ ಅತ್ತಕ್ಕೆ ಬುಟ್ಬುಟ್ಟಾ ನೀನು?” ದೊಡ್ಡಮ್ಮ ಅಳಿಯನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ.

“ನನ್ ಮಾತು ಕೇಳೋಳಾಗಿದ್ರೆ ನಿಮ್ಮನ್ನ ಯಾಕ್ ಕರುಸ್ತಿದ್ದೆ ಅತ್ತೆ?”

ದಿಬ್ಬದ ದಾರಿ ಕೆಸರಾಗಿತ್ತು. ದೊಡ್ಡಮ್ಮ ನನ್ನ ಹೆಗಲು ಹಿಡಿದು ಹತ್ತಿದರು. ದಿಬ್ಬದ ಬುಡದಲ್ಲೇ ಭಾವ ದೊಡ್ಡಮ್ಮನ ಫೋನು ಇಸಿದುಕೊಂಡು ರೋಮಿಂಗ್ ಆನ್ ಮಾಡಿ ಕೊಟ್ಟರು. “ಇರ್ಲಿ, ಮೇಲೆ ಸಿಗ್ತದೆ,” ಎಂದರು. ದೊಡ್ಡಮ್ಮ ಅದನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೇಲೆ ಹತ್ತಿ ನಿಂತಾಗ ಕಂಡಿದ್ದನ್ನು ನಾನು ಮರೆಯುವುದಿಲ್ಲ. ಒಂದು ಬಟ್ಟ ಬಯಲು ಬಂಡೆ. ಅದರ ಮೇಲೆ ನೂರಕ್ಕೆ ಕಡಿಮೆಯಿಲ್ಲದ ಜನ. ಯಾವ ಕಂಪನಿಯ ಸಿಮ್ಮು ಎಲ್ಲಿ ಹಿಡಿಯುತ್ತದೆ ಎಂದು ಬಂಡೆಯ ಮೇಲೆ ಬಿಳಿ ಕಲ್ಲಿನಿಂದ ಗೆರೆ ಎಳೆದಿದ್ದರು. ಹಾಡಿಯ ಹೆಂಗಸರು, ಶುಂಠಿ ಹೊಲದ ಕೂಲಿಯವರು, ಅರ್ಜಿ ತುಂಬಲು ಬಂದ ಕಾಲೇಜು ಹುಡುಗಿಯರು, ಕೊಡೆ ಹಿಡಿದ ಮೇಷ್ಟ್ರು, ಎಲ್ಲರೂ ಒಂದೇ ದಿಕ್ಕಿಗೆ, ಕೇರಳದ ಕಡೆಗೆ ಮುಖ ಮಾಡಿ ಫೋನು ಎತ್ತಿ ಹಿಡಿದಿದ್ದರು. ಎದುರಿಗೆ ಮೈಲುಗಟ್ಟಲೆ ಕಾಡು. ಅಲ್ಲೇನೂ ಕಾಣುವುದಿಲ್ಲ. ಕಾಣದ ಯಾವುದೋ ಆ ಹಸಿರಿನ ಮೇಲೆ ಹಾಯ್ದು ಬಂದು ಇವರ ಅಂಗೈಯಲ್ಲಿ ಇಳಿಯುತ್ತಿತ್ತು. ದೇವಸ್ಥಾನದಲ್ಲೂ ಜನ ಇಷ್ಟು ಮೆತ್ತಗೆ ನಿಂತದ್ದನ್ನು ನಾನು ನೋಡಿಲ್ಲ.

ಬಂಡೆಯ ತುದಿಯಲ್ಲಿ, ನಮಗೆ ಬೆನ್ನು ಮಾಡಿ, ಅಕ್ಕ ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಪಕ್ಕದಲ್ಲಿ ಮಗು ಕಲ್ಲಾಟ ಆಡುತ್ತಿತ್ತು.

ದೊಡ್ಡಮ್ಮ ನಿಂತುಬಿಟ್ಟರು. ಬೆನ್ನು ಹಾಕಿ ನಿಂತ ಅಕ್ಕನನ್ನು ಕೂಗಿ ಕರೆಯುವಂತಿಲ್ಲ. ಹಿಂದಿನಿಂದ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬಿದ್ದಾಳು, ಬಂಡೆ ಒದ್ದೆಯಾಗಿದೆ. ಸತ್ತಳೆಂದು ಮೂರು ದಿನದಿಂದ ತಾನು ನಂಬಿದ್ದ ತಾಯಿ ಒಮ್ಮೆಗೇ ಬಂದು ಮುಟ್ಟಿದರೆ ಏನಾಗುತ್ತದೋ.

ಅಷ್ಟರಲ್ಲಿ ದೊಡ್ಡಮ್ಮನ ಸೊಂಟದಲ್ಲಿ ಫೋನು ಗುರುಗುಟ್ಟಿತು.

ಎದುರಿಗೆ ಅಕ್ಕ ಮತ್ತೆ ಒತ್ತಿದ್ದಳು. ಬೆಳಗಿನಿಂದ ಎಷ್ಟನೇ ಸಲವೋ. ಈ ಸಲ ಅದು ಅವಳಿಂದ ಹೊರಟು, ಕಾಡು ದಾಟಿ ಕೇರಳಕ್ಕೆ ಹೋಗಿ, ಎಲ್ಲೆಲ್ಲಿ ತಿರುಗಿತೋ, ಮತ್ತೆ ಕಾಡು ದಾಟಿ ಬಂದು ಅವಳ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿದ್ದ ತಾಯಿಯ ಎಲೆಅಡಿಕೆ ಚೀಲದಲ್ಲಿ ಸದ್ದು ಮಾಡಿತು.

ದೊಡ್ಡಮ್ಮ ಫೋನು ತೆಗೆದರು. ಎತ್ತಿದರು. ದಿನಾ ಮಾಡುವಂತೆ ಮುಖದ ಮುಂದೆ ಹಿಡಿದು, ಇನ್ನೊಂದು ಕೈಯಿಂದ ಗಲ್ಲದ ಮೇಲೆ ಚುಕ್ಕೆ ಇಟ್ಟರು.

ಅಕ್ಕನ ಬೆನ್ನು ಸೆಟೆದದ್ದು ನಮಗೆ ಕಂಡಿತು. ಆಮೇಲೆ ಅವಳ ಕೈ ಏರಿತು. ಅಬ್ಬಾ, ಅಂಥ ಬೈಗುಳವನ್ನು ನಾನು ಕೈಯಲ್ಲಿ ಕಂಡಿರಲಿಲ್ಲ. ಎಲ್ಲಿ ಹಾಳಾಗಿ ಹೋಗಿದ್ದೆ, ಕಣ್ಣು ಹೋಗಿತ್ತಾ, ಕೈ ಮುರಿದಿತ್ತಾ ಎಂದು ಗಾಳಿಯನ್ನೇ ಬಾರಿಸುತ್ತಿದ್ದಳು. ದೊಡ್ಡಮ್ಮ ಪರದೆಯಲ್ಲಿ ತಲೆಯಾಡಿಸುತ್ತ, ಅಳುತ್ತ, ನಗುತ್ತ, ಫೋನನ್ನು ಮೆಲ್ಲಗೆ ಸುತ್ತ ತಿರುಗಿಸಿ ಅಕ್ಕನ ಕಡೆ ಮಾಡಿದರು. ಈಗ ಅಕ್ಕನ ಫೋನಿನಲ್ಲಿ ಆ ಬಂಡೆ ಕಂಡಿರಬೇಕು. ಕೊಡೆ ಹಿಡಿದ ಮೇಷ್ಟ್ರು, ಬಿಳಿ ಗೆರೆಗಳು, ಕಲ್ಲಾಟ ಆಡುವ ಮಗು. ಆಮೇಲೆ ಬೆನ್ನು ಮಾಡಿ ನಿಂತ ಒಬ್ಬಳು ತುಂಬು ಬಸುರಿ.

ಅಕ್ಕ ತಿರುಗಿದಳು.

ಓಡಿ ಬರಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಬಂದು, ಫೋನಿನಲ್ಲಿದ್ದ ತಾಯಿಯನ್ನೂ ಎದುರಿಗಿದ್ದ ತಾಯಿಯನ್ನೂ ಎರಡು ಸಲ ನೋಡಿ, ಹೆಬ್ಬೆರಳಿನಿಂದ ದೊಡ್ಡಮ್ಮನ ಹಣೆಯನ್ನು ಒತ್ತಿ ಉಜ್ಜಿದಳು. ಗಲ್ಲದ ಹಚ್ಚೆ ಉಜ್ಜಿದಳು. ಕೈಬೆರಳನ್ನು ಮೂಸಿ ನೋಡಿದಳು. ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದ ಮೇಲೆ ಅವಳ ಗಂಟಲಿಂದ ಒಂದು ಶಬ್ದ ಬಂತು, ಅವಳಿಗೇ ಕೇಳಿಸದ್ದು. ಬಂಡೆಯ ಮೇಲಿದ್ದವರೆಲ್ಲ ಫೋನು ಇಳಿಸಿ ಇತ್ತ ನೋಡಿದರು.

ದೊಡ್ಡಮ್ಮ ಅವಳನ್ನು ಕೂರಿಸಿ ಬನ್ನು ತಿನ್ನಿಸಿದರು. ತಿನ್ನುತ್ತ ತಿನ್ನುತ್ತಲೇ ಅಕ್ಕ ಕೇಳಿದಳು: ಕೈ ಯಾಕೆ ಬರಲಿಲ್ಲ?

ನಿಲ್ಲಿಸಿದ್ದರು.

ಯಾರು?

ಇಲ್ಲಿ ನಾವೆಲ್ಲ ತಡವರಿಸಿದೆವು. ಆ ಭಾಷೆಯಲ್ಲಿ ಸರ್ಕಾರಕ್ಕೆ ಮಾತೇ ಇಲ್ಲ. ಇಷ್ಟು ವರ್ಷ ಬೇಕಾಗಿರಲಿಲ್ಲ. ಭಾವ ತಲೆಯ ಮೇಲೆ ಇಲ್ಲದ ಟೋಪಿ ಇಟ್ಟು, ಲಾಠಿ ಬೀಸಿ ಪೊಲೀಸು ಎಂದರು. ಅಕ್ಕ ಗಾಬರಿಯಾಗಿ ತಾಯಿಯ ಮೈಯನ್ನೆಲ್ಲ ಸವರಿದಳು, ಹೊಡೆದರಾ ಎಂದು. “ನೀನ್ ಸುಮ್ನಿರಪ್ಪ,” ಎಂದು ದೊಡ್ಡಮ್ಮ ಅಳಿಯನ ಟೋಪಿ ಕೆಡವಿದರು. ನಾನು ದೊಡ್ಡ ಕುರ್ಚಿ, ಕಾಗದ, ಸಹಿ ಎಂದೆಲ್ಲ ಅಂಗೈಯಲ್ಲಿ ಗೀಚಿದೆ. ಅಕ್ಕ ನನ್ನನ್ನೇ ತೋರಿಸಿ, ಇವಳು ನಿಲ್ಲಿಸಿದಳಾ ಎಂದಳು.

ದೊಡ್ಡಮ್ಮ ನಮ್ಮಿಬ್ಬರ ಕೈಯನ್ನೂ ಕೆಳಗಿಳಿಸಿದರು. ಆಮೇಲೆ ಮಾತಾಡಲು ಎತ್ತುವ ಹಾಗೆ ಬಲಗೈ ಎತ್ತಿದರು. ಎಡಗೈ ಹಿಂದಿನಿಂದ ಬಂದು ಆ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು. ಹಿಡಿದದ್ದು ಯಾರೆಂದು ಹುಡುಕುವಂತೆ ದೊಡ್ಡಮ್ಮ ತಲೆಯೆತ್ತಿ ಸುತ್ತ ನೋಡಿದರು. ಯಾರೂ ಇಲ್ಲ. ಹಿಡಿತ ಮಾತ್ರ ಹಾಗೇ ಇತ್ತು.

ಅಕ್ಕ ಆ ಕೈಗಳನ್ನು ಬಹಳ ಹೊತ್ತು ನೋಡಿದಳು. ತಾನೂ ಒಮ್ಮೆ ಹಾಗೇ ಮಾಡಿ ನೋಡಿದಳು. ಆಮೇಲೆ ಕೇಳಿದಳು: ನಿನಗೊಬ್ಬಳಿಗಾ?

ದೊಡ್ಡಮ್ಮ ಎರಡೂ ತೋಳನ್ನು ಎಷ್ಟಾಗುತ್ತದೋ ಅಷ್ಟು ಅಗಲಿಸಿದರು. ಎಲ್ಲರಿಗೂ.

ಕಿವಿ ಕೇಳುವವರಿಗೂ?

ಕಿವಿ ಕೇಳುವವರಿಗೂ.

ಅಕ್ಕ ಎದ್ದಳು. ಬಂಡೆಯ ಮೇಲೆ ತುಂಬಿದ್ದ ಜನರನ್ನು ಆಗ ತಾನೇ ಬಂದವರಂತೆ ನೋಡಿದಳು. ಮೂರು ದಿನದಿಂದ ಅವರ ಪಕ್ಕದಲ್ಲೇ ನಿಂತಿದ್ದಳು. ಮಾತು ಇರುವವರು, ಏನೂ ಕೊರತೆಯಿಲ್ಲದೆ ನಕ್ಕು ಮಾತಾಡುವವರು ಎಂದುಕೊಂಡಿದ್ದಳು. ಇವರೂ ತನ್ನ ಹಾಗೆಯೇ ಗತಿಯಿಲ್ಲದೆ ಈ ದಿಬ್ಬ ಹತ್ತಿದವರು ಎಂದು ಅವಳಿಗೆ ತಿಳಿದಿರಲಿಲ್ಲ. ಹತ್ತಿರದಲ್ಲಿ ಹಾಡಿಯ ಅಜ್ಜಿಯೊಬ್ಬರು ಮೊಮ್ಮಗಳ ಫೋನು ಹಿಡಿದು ಕೂತಿದ್ದರು. ಅಕ್ಕ ಅವರ ಮುಂದೆ ನಿಂತು, ತನ್ನ ಮಣಿಕಟ್ಟನ್ನು ತಾನೇ ಹಿಡಿದು ತೋರಿಸಿ, ಬೆರಳನ್ನು ಅವರ ಕಡೆ ಮಾಡಿದಳು. ನಿಮಗೂನಾ?

ಅಜ್ಜಿ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಫೋನನ್ನು ಮಡಿಲಿಗಿಟ್ಟು, ತಮ್ಮ ಒಣಕಲು ಮಣಿಕಟ್ಟನ್ನು ತಾವೇ ಬಿಗಿಯಾಗಿ ಹಿಡಿದು ಹೂಂ ಎಂದು ತಲೆಯಾಡಿಸಿದರು.

ಅಕ್ಕ ಅವರ ಪಕ್ಕದಲ್ಲಿದ್ದವರ ಕಡೆ ತಿರುಗಿದಳು.